ಓದುಗರ ಪ್ರಶ್ನೆ: ನಂದಿ ತಪ್ಪಲಿನ ಕೆಂಪು ವೈನೂ ‘ಸುಸ್ಥಿರ’ ಎಂಬ ಮಾತೂ

ಕಳೆದ ತಿಂಗಳ ಅಂಕಣದಲ್ಲಿ ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟವೊಂದರ ಕಟಾವು ನೋಡಿ ಬಂದ ಸಂಗತಿಯನ್ನು ಎರಡೇ ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಅದಕ್ಕೆ ಬಂದ ಪತ್ರಗಳು ನನ್ನ ನಿರೀಕ್ಷೆಯನ್ನು ಮೀರಿದವು. ತೋಟ, ಅಡುಗೆಮನೆ, ಆರೋಗ್ಯ ಎಂದು ಬೇರೆ ಬೇರೆ ಕಡೆಯಿಂದ ಹೊರಟ ಪ್ರಶ್ನೆಗಳೆಲ್ಲ ನಮ್ಮ ನಾಡಿನ ಕೆಂಪು ವೈನ್ ಮತ್ತು ಅದರ ಬಾಟಲಿಯ ಮೇಲೆ ಈಚೆಗೆ ಕಾಣಸಿಗುವ ‘ಸುಸ್ಥಿರ’ ಎಂಬ ಪದದ ಬಳಿಗೇ ಬಂದು ಸೇರುತ್ತಿದ್ದುದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ. ಕುಡಿಯಿರಿ ಎಂದಾಗಲಿ ಬಿಡಿ ಎಂದಾಗಲಿ ಹೇಳುವುದು ಈ ಅಂಕಣದ ಕೆಲಸವಲ್ಲ.

ಪ್ರಶ್ನೆ: ನಮ್ಮ ಗೃಹಪ್ರವೇಶಕ್ಕೆ ಮಗಳ ಸಹೋದ್ಯೋಗಿಯೊಬ್ಬರು ನಂದಿ ಬೆಟ್ಟದ ತಪ್ಪಲಿನ ಕೆಂಪು ವೈನ್ ಉಡುಗೊರೆ ಕೊಟ್ಟರು. ಸುಸ್ಥಿರ ವಿಧಾನದಲ್ಲಿ ತಯಾರಿಸಿದ್ದು ಎಂದು ಅದರ ಚೀಟಿಯ ಮೇಲಿದೆ. ಇದು ಸರ್ಕಾರ ಕೊಡುವ ಮುದ್ರೆಯೇ, ಕಂಪನಿಯವರೇ ಬರೆದುಕೊಳ್ಳುವ ಮಾತೇ? (ಓದುಗರೊಬ್ಬರು, ಮಲ್ಲೇಶ್ವರ)

ಉತ್ತರ: ಎರಡು ಪದಗಳನ್ನು ಮೊದಲು ಬೇರ್ಪಡಿಸಿಕೊಳ್ಳೋಣ. ‘ಸಾವಯವ’ ಎಂಬುದು ಕಾನೂನಿನ ಹಿಡಿತದಲ್ಲಿರುವ ಪದ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮಗಳ ಪ್ರಕಾರ ಪ್ರಮಾಣಪತ್ರವಿಲ್ಲದೆ ಆ ಪದವನ್ನು ಪೊಟ್ಟಣದ ಮೇಲೆ ಬಳಸುವಂತಿಲ್ಲ. ಪ್ರಮಾಣಪತ್ರ ಪಡೆದ ಪದಾರ್ಥಕ್ಕೆ ‘ಜೈವಿಕ್ ಭಾರತ್’ ಎಂಬ ಗುರುತು ಇರುತ್ತದೆ. ‘ಸುಸ್ಥಿರ’ ಎಂಬ ಪದಕ್ಕೆ ಅಂಥ ಕಾವಲಿಲ್ಲ. ನ್ಯೂಜಿಲೆಂಡಿನಲ್ಲಿ ವೈನ್ ದ್ರಾಕ್ಷಿ ಬೆಳೆಗಾರರೇ 1995ರಲ್ಲಿ ಒಂದು ಸುಸ್ಥಿರತಾ ಕಾರ್ಯಕ್ರಮವನ್ನು ಕಟ್ಟಿಕೊಂಡರು; ಇಂದು ಆ ದೇಶದ ಹೆಚ್ಚುಕಡಿಮೆ ಎಲ್ಲ ವೈನ್ ತೋಟಗಳೂ ಅದರ ತಪಾಸಣೆಗೆ ಒಳಪಟ್ಟಿವೆ. ಭಾರತದಲ್ಲಿ ವೈನಿಗಾಗಿಯೇ ರೂಪಿಸಿದ, ಎಲ್ಲರೂ ಒಪ್ಪಿ ನಡೆಯುವ ಅಂಥದೊಂದು ಅಳತೆಗೋಲು ಬಳಕೆಗೆ ಬಂದಿಲ್ಲ. ಆದ್ದರಿಂದ ನಿಮ್ಮ ಬಾಟಲಿಯ ಮೇಲಿನ ಮಾತನ್ನು ಸದ್ಯಕ್ಕೆ ತಯಾರಕರು ಕೊಟ್ಟ ವಚನವೆಂದು ತಿಳಿಯಿರಿ. ವಚನ ಸುಳ್ಳೆಂದು ನಾನು ಹೇಳುತ್ತಿಲ್ಲ, ಪುರಾವೆ ಕೇಳುವ ಹಕ್ಕು ನಿಮಗಿದೆ ಎನ್ನುತ್ತಿದ್ದೇನೆ.

ಪುರಾವೆಯೆಂದರೆ ಚಾವಣಿಯ ಮೇಲಿನ ಸೌರಫಲಕದ ಚಿತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಸೌರಫಲಕ ಒಳ್ಳೆಯದೇ, ಹುದುಗುವ ರಸವನ್ನು ತಣ್ಣಗಿಡಲು ನಮ್ಮ ಸೆಕೆಯ ನಾಡಿನಲ್ಲಿ ವಿದ್ಯುತ್ ಹೇರಳವಾಗಿ ಬೇಕಾಗುವುದರಿಂದ ಅದರ ಲಾಭ ನಿಜವಾದದ್ದು. ಆದರೆ ನಂದಿ ತಪ್ಪಲಿನಂಥ ಜಾಗದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ನೀರಿನದು. ಈ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆ, ಬಂದ ಮಳೆಯಲ್ಲಿ ಎಷ್ಟನ್ನು ಹಿಡಿದಿಟ್ಟುಕೊಂಡಿದ್ದೀರಿ, ಪೀಪಾಯಿ ಮತ್ತು ತೊಟ್ಟಿಗಳನ್ನು ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಒಂದು ಲೀಟರ್ ವೈನ್ ತಯಾರಿಸುವಾಗ ಘಟಕದೊಳಗೆ ತೊಳೆಯುವುದಕ್ಕೇ ಹಲವು ಲೀಟರ್ ನೀರು ಹರಿಯುತ್ತದೆ. ಆ ಕೊಳೆನೀರು ಹುಳಿಯಾದದ್ದು, ಸಕ್ಕರೆ ಬೆರೆತದ್ದು. ಸಂಸ್ಕರಿಸದೆ ಹಳ್ಳಕ್ಕೆ ಬಿಟ್ಟರೆ ಅದರಲ್ಲಿನ ಮೀನು ಉಸಿರುಕಟ್ಟಿ ಸಾಯುತ್ತದೆ. ಈ ಮೂರಕ್ಕೂ ನೇರವಾಗಿ, ಅಂಕಿಯ ಸಮೇತ ಉತ್ತರ ಕೊಡುವವರು ಆ ಪದವನ್ನು ಬಳಸಲು ಅರ್ಹರು ಎಂಬುದು ನನ್ನ ಅಭಿಪ್ರಾಯ.

ಈ ಪ್ರದೇಶದ ಹಿನ್ನೆಲೆಯನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ವೈನ್ ದ್ರಾಕ್ಷಿ 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಮಾತ್ರ ಚೆನ್ನಾಗಿ ಬರುತ್ತದೆ ಎಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. ದೊಡ್ಡಬಳ್ಳಾಪುರ ಇರುವುದು 13 ಡಿಗ್ರಿಯಲ್ಲಿ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆಯೊಂದಿಗೆ 1988ರಲ್ಲಿ ಅಲ್ಲಿ ವೈನ್ ಉದ್ಯಮ ಆರಂಭಿಸಿದ್ದು ಆ ನಂಬಿಕೆಗೆ ವಿರುದ್ಧವಾಗಿಯೇ. ಕ್ಯಾಬರ್ನೆ ಸೊವಿನ್ಯೊನ್ ಮತ್ತು ಶಿರಾಜ್ ತಳಿಗಳನ್ನು ಬೆರೆಸಿ ಅವರು ತಯಾರಿಸಿದ ‘ಲಾ ರಿಸರ್ವ್’ ಎಂಬ ಕೆಂಪು ವೈನ್ ಈ ತಪ್ಪಲಿನ ಹೆಸರನ್ನು ಹೊರಗೆ ಒಯ್ದಿತು. ಅಕ್ಷಾಂಶ ಕೊಡದ ತಂಪನ್ನು ಇಲ್ಲಿ ಎತ್ತರ ಕೊಡುತ್ತದೆ: ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ, ತಪ್ಪಲಿನ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ರಾಜ್ಯ ಸರ್ಕಾರದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದು 2007ರಲ್ಲಿ. ಫ್ರಾನ್ಸಿನ ಹಳೆಯ ವೈನ್ ಪ್ರಾಂತ್ಯವಾದ ಬೋರ್ಡೋದ ಲೆಕ್ಕದಲ್ಲಿ ನೋಡಿದರೆ ಇದಿನ್ನೂ ಅಂಬೆಗಾಲಿಡುತ್ತಿರುವ ಪ್ರದೇಶ.

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ ತಾಲ್ಲೂಕು. ಮೂರು ಎಕರೆಯಲ್ಲಿ ಚಪ್ಪರ ಹಾಕಿ ದ್ರಾಕ್ಷಿ ತಳಿಗಳಾದ ಬೆಂಗಳೂರು ನೀಲಿ ಮತ್ತು ದಿಲ್‌ಖುಷ್ ಬೆಳೆಯುತ್ತಿದ್ದೇವೆ. ಕೊಳವೆಬಾವಿ 1,200 ಅಡಿ ತಲುಪಿದೆ. ವೈನ್ ದ್ರಾಕ್ಷಿಗೆ ನೀರು ಕಡಿಮೆ ಸಾಕು, ಅದಕ್ಕೆ ಬದಲಾಯಿಸಿ ಎಂದು ಒಬ್ಬರು ಬಂದು ಹೇಳಿ ಹೋದರು. ನಂಬಬಹುದೇ? (ರೈತರೊಬ್ಬರು)

ಉತ್ತರ: ಅರ್ಧ ನಂಬಬಹುದು. ಉಳಿದರ್ಧವನ್ನು ನೀವೇ ಲೆಕ್ಕ ಹಾಕಿ ನೋಡಬೇಕು.

ನಂಬಬಹುದಾದ ಅರ್ಧವನ್ನು ಮೊದಲು ಹೇಳುತ್ತೇನೆ. ತಿನ್ನುವ ದ್ರಾಕ್ಷಿಯಲ್ಲಿ ನಿಮಗೆ ಬೇಕಾದದ್ದು ದಪ್ಪ ಕಾಯಿ, ತುಂಬು ಗೊಂಚಲು, ಹೆಚ್ಚಿನ ತೂಕ. ಕೆಂಪು ವೈನಿಗೆ ಬೇಕಾದದ್ದು ಇದಕ್ಕೆ ತಿರುವುಮುರುವು: ಬಣ್ಣ, ಒಗರು, ಪರಿಮಳ ಎಲ್ಲವೂ ಸಿಪ್ಪೆಯಲ್ಲಿರುವುದರಿಂದ ಕಾಯಿ ಸಣ್ಣದಾದಷ್ಟೂ ರಸಕ್ಕೆ ಸಿಗುವ ಸಿಪ್ಪೆಯ ಪಾಲು ಹೆಚ್ಚು. ಆದ್ದರಿಂದ ಕಾಯಿ ಬಣ್ಣ ತಿರುಗುವ ಹೊತ್ತಿಗೆ ಬೆಳೆಗಾರರು ಹನಿ ನೀರಾವರಿಯನ್ನು ಬೇಕೆಂದೇ ಬಿಗಿ ಹಿಡಿಯುತ್ತಾರೆ. ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಗೊಂಚಲು ಅದ್ದಿ ಕಾಯಿ ಉಬ್ಬಿಸುವ ಕೆಲಸವೂ ಇಲ್ಲಿಲ್ಲ. ಹಾಗಾಗಿ ಎಕರೆ ಲೆಕ್ಕದಲ್ಲಿ ನೀರು ಕಡಿಮೆಯಾಗುವುದು ನಿಜ. ಇಳುವರಿಯೂ ಅದರ ಜೊತೆಗೇ ಇಳಿಯುತ್ತದೆ. ಒಳ್ಳೆಯ ಕೆಂಪು ವೈನ್ ಬಯಸುವವರು ಎಕರೆಗೆ ನಾಲ್ಕೈದು ಟನ್ನಿಗಿಂತ ಹೆಚ್ಚು ಹೊರಿಸಬೇಡಿ ಎನ್ನುತ್ತಾರೆ; ನಿಮ್ಮ ಚಪ್ಪರ ಅದರ ಎರಡರಷ್ಟನ್ನು ಸುಲಭವಾಗಿ ಕೊಡುತ್ತದೆ. ಒಂದು ಬಾಟಲಿಗೆ ಸುಮಾರು ಒಂದೂಕಾಲು ಕಿಲೋ ಹಣ್ಣು ಹಿಡಿದರೆ ನಾಲ್ಕು ಟನ್ನಿಗೆ 3,200 ಬಾಟಲಿ ಆಗುತ್ತದೆ. ಆ ಬಾಟಲಿಯ ಬೆಲೆಯನ್ನು ನೋಡಿ ಹಿಗ್ಗಬೇಡಿ, ನಿಮಗೆ ಸಿಗುವುದು ಕಿಲೋ ಹಣ್ಣಿನ ಬೆಲೆ.

ಇನ್ನರ್ಧ ನೆಲದಡಿಯ ಸಂಗತಿ. ನಮ್ಮ ಹವೆಯಲ್ಲಿ ದ್ರಾಕ್ಷಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಅದಕ್ಕಾಗಿಯೇ ಕಟಾವಾದ ಮೇಲೆ ಏಪ್ರಿಲ್ ಹೊತ್ತಿಗೊಂದು ಚಾಟ್ನಿ (ಕಡ್ಡಿ ಸವರುವಿಕೆ), ಮಳೆ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಂದು ಚಾಟ್ನಿ ಮಾಡಿ, ಎರಡನೆಯದರಿಂದ ಮಾತ್ರ ಬೆಳೆ ತೆಗೆಯುವುದು ವೈನ್ ತೋಟದ ಪದ್ಧತಿ. ಹಣ್ಣು ಫೆಬ್ರುವರಿ–ಮಾರ್ಚಿಗೆ ಕೊಯ್ಲಿಗೆ ಬರುತ್ತದೆ. ಎಂದರೆ ಕಡ್ಡಿ ಬಲಿಯಬೇಕಾದ ಬೇಸಿಗೆಯಲ್ಲೂ ಕಾಯಿ ಕಟ್ಟುವ ಚಳಿಗಾಲದಲ್ಲೂ ಬಳ್ಳಿಗೆ ನೀರು ಬೇಕು, ಎರಡೂ ಮಳೆಯಿಲ್ಲದ ಕಾಲ. ಯೂರೋಪಿನ ಹಲವು ತೋಟಗಳಂತೆ ಮಳೆಯೊಂದನ್ನೇ ನಂಬಿ ಬೆಳೆಯುವುದು ಇಲ್ಲಿ ಕಷ್ಟ. ಅಂತರ್ಜಲವನ್ನು ಮಿತಿಮೀರಿ ಎತ್ತಿದ ಪಟ್ಟಿಯಲ್ಲಿ ನಿಮ್ಮ ಸೀಮೆ ಬಹಳ ಹಿಂದೆಯೇ ಸೇರಿಹೋಗಿದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಿಮ್ಮ ಕೆರೆಗಳಿಗೆ ತುಂಬಿಸುವ ಸ್ಥಿತಿ ಬಂದದ್ದೂ ಅದರಿಂದಲೇ. 1,200 ಅಡಿಯಿಂದ ಎತ್ತಿದ ನೀರಿನಲ್ಲಿ ಬೆಳೆದದ್ದು ಯಾವ ತಳಿಯಾದರೂ ಅದನ್ನು ಸುಸ್ಥಿರ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ಆದರೆ ದಾರಿಯಿಲ್ಲವೆಂದಲ್ಲ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 750 ಮಿಲಿಮೀಟರ್ ಎಂದು ಹಿಡಿದರೂ ಎಕರೆಗೆ 30 ಲಕ್ಷ ಲೀಟರ್ ಆಕಾಶದಿಂದ ಬರುತ್ತದೆ. ನಿಮ್ಮ ಮೂರು ಎಕರೆಯ ತಗ್ಗಿನಲ್ಲಿ ಹಾಳೆ ಹೊದಿಸಿದ ಕೃಷಿ ಹೊಂಡ ತೋಡಿ, ಬದುಗಳನ್ನು ಸರಿಮಾಡಿ, ಸಾಲಿನ ಬುಡಕ್ಕೆ ಒಣಹುಲ್ಲು ಅಥವಾ ಕಬ್ಬಿನ ತರಗು ಹೊದಿಸಿದರೆ ಬೇಸಿಗೆಯ ಚಾಟ್ನಿಯ ನಂತರ ಕೊಳವೆಬಾವಿಯ ಮೇಲಿನ ಭಾರ ಗಣನೀಯವಾಗಿ ತಗ್ಗುತ್ತದೆ. ತಳಿ ಬದಲಾಯಿಸುವುದಕ್ಕಿಂತ ಮೊದಲು ಈ ಕೆಲಸ ಆಗಲಿ.

ತಳಿಯ ಬಗ್ಗೆ ನನ್ನದೊಂದು ತಕರಾರೂ ಇದೆ. ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದು ಅಮೆರಿಕದ ದ್ರಾಕ್ಷಿಯ ರಕ್ತ ಬೆರೆತ ಗಟ್ಟಿ ತಳಿ. ಕ್ಯಾಬರ್ನೆ, ಶಿರಾಜ್‌ಗಳಷ್ಟು ಔಷಧಿ ಅದು ಕೇಳುವುದಿಲ್ಲವೆಂಬುದು ನಿಮಗೇ ಗೊತ್ತಿದೆ. ಅದರ ಗಾಢ ಹಣ್ಣುವಾಸನೆಯನ್ನು ವೈನ್ ಪಂಡಿತರು ಮೂಗು ಮುರಿದು ನೋಡುತ್ತಾರೆ, ಸಿಹಿಯಾದ ಅಗ್ಗದ ಪೋರ್ಟ್ ವೈನಿಗಷ್ಟೇ ಅದು ಲಾಯಕ್ಕು ಎನ್ನುತ್ತಾರೆ. ಅದರ ಬಂಧುವಾದ ಇಸಬೆಲ್ಲಾ ತಳಿಯ ವೈನನ್ನು ಫ್ರಾನ್ಸ್ 1930ರ ದಶಕದಲ್ಲಿ ನಿಷೇಧಿಸಿಯೇಬಿಟ್ಟಿತು. ಕಡಿಮೆ ಔಷಧಿಯಲ್ಲಿ, ಇದೇ ಕೆಂಪು ಮಣ್ಣಿನಲ್ಲಿ ಒಂದೂವರೆ ಶತಮಾನದಿಂದ ಬದುಕಿರುವ ಬಳ್ಳಿಯನ್ನು ಕಿತ್ತುಹಾಕಿ, ವಾರಕ್ಕೊಮ್ಮೆ ಸಿಂಪರಣೆ ಬೇಡುವ ಬಳ್ಳಿ ನೆಟ್ಟು, ಅದರ ಬಾಟಲಿಯ ಮೇಲೆ ‘ಸುಸ್ಥಿರ’ ಎಂದು ಬರೆಯುವುದು ನನಗಂತೂ ಸರಿಕಾಣದು. ಬದಲಾಯಿಸುವುದೇ ಆದರೆ ಒಂದೇ ಎಕರೆಯಲ್ಲಿ ಬದಲಾಯಿಸಿ. ಡಾಗ್‌ರಿಡ್ಜ್ ಎಂಬ ಬೇರುಗಿಡದ ಬದಲು ಸೊಕ್ಕಿ ಬೆಳೆಯದ 110-ಆರ್ ಬೇರುಗಿಡಕ್ಕೆ ಕಟ್ಟಿದ ಕಸಿ ಕೇಳಿ. ಖರೀದಿ ಕರಾರಿನಲ್ಲಿ ದರ, ಸಕ್ಕರೆ ಅಂಶದ ಅಳತೆ, ಹಣ ಕೊಡುವ ದಿನಾಂಕ ಮೂರೂ ಬರಹದಲ್ಲಿರಲಿ. ವೈನ್ ದ್ರಾಕ್ಷಿಯನ್ನು ಬೀಜ, ದಪ್ಪ ಸಿಪ್ಪೆಯ ಕಾರಣಕ್ಕೆ ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಕಂಪನಿ ಬೇಡವೆಂದ ದಿನ ಅದಕ್ಕೆ ಬೇರೆ ಗಿರಾಕಿಯಿಲ್ಲ.

ಪ್ರಶ್ನೆ: ಸಾವಯವ ದ್ರಾಕ್ಷಿಗೂ ಮೈಲುತುತ್ತ (ತಾಮ್ರದ ಸಲ್ಫೇಟ್) ಹೊಡೆಯುತ್ತಾರಂತೆ. ನಾವು ಅಡಿಕೆಗೆ ಹೊಡೆಯುವ ಔಷಧಿ ಅಲ್ಲಿಗೆ ಹೇಗೆ ಹೋಯಿತು? (ಓದುಗರೊಬ್ಬರು, ಶಿರಸಿ)

ಉತ್ತರ: ನಿಮ್ಮ ಔಷಧಿ ಅಲ್ಲಿಗೆ ಹೋದದ್ದಲ್ಲ, ಅವರದು ನಿಮ್ಮಲ್ಲಿಗೆ ಬಂದದ್ದು. ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣಕ್ಕೆ ಆ ಹೆಸರು ಬಂದದ್ದೇ ಕೆಂಪು ವೈನಿಗೆ ಹೆಸರಾದ ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಿಂದ. 1870ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಬಂದ ಬೂಜು ರೋಗ ಅಲ್ಲಿನ ತೋಟಗಳನ್ನು ಹಾಳುಗೆಡವುತ್ತಿತ್ತು. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಸಾಲುಗಳಿಗೆ ಮೈಲುತುತ್ತ–ಸುಣ್ಣ ಕದಡಿ ಚಿಮುಕಿಸಿದ್ದರು. ಆ ಸಾಲುಗಳ ಎಲೆ ಮಾತ್ರ ಉದುರದೆ ಉಳಿದದ್ದನ್ನು ಅಲ್ಲಿನ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಕಾಲು ಶತಮಾನದ ನಂತರ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಮಲೆನಾಡಿನ ಕೊಳೆರೋಗದ ಅಧ್ಯಯನ ನಡೆಸಿ ಅದೇ ದ್ರಾವಣವನ್ನು ಅಡಿಕೆ ಕೊನೆಗೆ ಸಿಂಪಡಿಸುವುದನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಕತ್ತಿ ಅದ್ದಿ ನೋಡಿ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಎಂಬ ನಿಮ್ಮ ಮನೆಯ ಪಾಠ ಮೂಲತಃ ದ್ರಾಕ್ಷಿ ತೋಟದ್ದು. ದ್ರಾಕ್ಷಿಯ ಬೂಜು ರೋಗವನ್ನೂ ಅಡಿಕೆಯ ಕೊಳೆಯನ್ನೂ ತರುವ ಜೀವಿಗಳು ಹತ್ತಿರದ ದಾಯಾದಿಗಳಾದ್ದರಿಂದ ಒಂದೇ ಮದ್ದು ಎರಡಕ್ಕೂ ನಾಟಿತು.

ಸಾವಯವದವರು ಇದನ್ನು ಒಪ್ಪುವುದು ಖನಿಜಮೂಲದ್ದು ಎಂಬ ಕಾರಣಕ್ಕೆ. ಆದರೆ ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಹೊಡೆದಷ್ಟೂ ಮಣ್ಣಿನ ಮೇಲ್ಪದರದಲ್ಲಿ ಕೂಡುತ್ತ ಹೋಗಿ ಎರೆಹುಳುವಿಗೆ ಕುತ್ತಾಗುತ್ತದೆ. ಇದನ್ನು ಅರಿತು ಯೂರೋಪಿಯನ್ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ತಾಮ್ರ ಮೀರಬಾರದೆಂದು ಮಿತಿ ಹಾಕಿದೆ. ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ ಇರುವುದರಿಂದ ಇದು ವರ್ಷಕ್ಕೆ ಎಕರೆಗೆ ಆರೂವರೆ ಕಿಲೋ ಮೈಲುತುತ್ತದ ಲೆಕ್ಕವಾಯಿತು. ನಿಮ್ಮ ತೋಟದ ಕಳೆದ ಮಳೆಗಾಲದ ಲೆಕ್ಕವನ್ನು ಒಮ್ಮೆ ಇದರ ಪಕ್ಕ ಇಟ್ಟು ನೋಡಿ.

ಮದ್ದಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಕ್ಟೋಬರ್ ಚಾಟ್ನಿಯ ನಂತರ ಕಣ್ಣುಗಳೆಲ್ಲ ಒಟ್ಟಿಗೆ ಚಿಗುರಲೆಂದು ಕಡ್ಡಿಗೆ ಹೈಡ್ರೋಜನ್ ಸಯನಮೈಡ್ ಹಚ್ಚುವ ರೂಢಿ ನಮ್ಮ ದ್ರಾಕ್ಷಿ ಸೀಮೆಯಲ್ಲಿದೆ. ಡಾರ್ಮೆಕ್ಸ್ ಎಂದರೆ ಎಲ್ಲರಿಗೂ ಗೊತ್ತು. ಯೂರೋಪಿನಲ್ಲಿ ಅದಕ್ಕೆ ಅನುಮತಿಯಿಲ್ಲ. ಅದು ಮೈಗೆ ತಾಗಿದವರು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ವೈನ್ ತೋಟದಲ್ಲಿ ಇದನ್ನು ಹಚ್ಚುವ ಕೂಲಿಯಾಳಿಗೆ ಕೈಗವಸು ಕೊಟ್ಟಿದ್ದಾರೆಯೇ ಎಂಬುದನ್ನು ಸುಸ್ಥಿರತೆಯ ಪಟ್ಟಿಯಲ್ಲಿ ಸೌರಫಲಕಕ್ಕಿಂತ ಮೇಲೆ ಬರೆಯಬೇಕು.

ಪ್ರಶ್ನೆ: ಕೆಂಪು ವೈನಿಗೆ ಬಣ್ಣ ಬೆರೆಸುತ್ತಾರೆಯೇ? ಹಿಂಡಿದರೆ ಕಪ್ಪು ದ್ರಾಕ್ಷಿಯ ರಸವೂ ಬಿಳಿಯೇ ಬರುತ್ತದಲ್ಲ? (ವಿದ್ಯಾರ್ಥಿನಿಯೊಬ್ಬರು, ದಾವಣಗೆರೆ)

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ಒಳ್ಳೆಯ ಕೆಂಪು ವೈನಿಗೆ ಬಣ್ಣ ಬೆರೆಸುವುದಿಲ್ಲ, ಸಿಪ್ಪೆಯಿಂದ ಇಳಿಸಿಕೊಳ್ಳುತ್ತಾರೆ. ನಾನು ಕಂಡ ತೋಟದಲ್ಲಿ ಬೆಳಗಿನ ಜಾವ ಐದಕ್ಕೆ, ತಲೆಗೆ ದೀಪ ಕಟ್ಟಿಕೊಂಡು ಕಟಾವು ಶುರುವಾಗಿತ್ತು. ಬಿಸಿಲೇರಿದರೆ ಹಣ್ಣು ಕ್ರೇಟಿನಲ್ಲೇ ಹುದುಗಲು ಆರಂಭಿಸುತ್ತದೆ. ಮೇಸ್ತ್ರಿ ಒಂದು ಕಾಯಿ ಕಿತ್ತು, ಅದರ ರಸ ಹಿಂಡಿ ಕೈಯಲ್ಲಿನ ಸಣ್ಣ ಮಾಪಕದಲ್ಲಿ ನೋಡಿ ‘ಇಪ್ಪತ್ತಮೂರೂವರೆ’ ಎಂದರು, ಬಳಿಕ ಬೀಜವನ್ನು ಹಲ್ಲಿನಲ್ಲಿ ಕಡಿದು ನನಗೂ ಒಂದು ಕೊಟ್ಟರು. ಮಾಪಕ ಸಕ್ಕರೆಯನ್ನಷ್ಟೇ ಹೇಳುತ್ತದೆ. ಬೀಜ ಹಸಿರಾಗಿದ್ದರೆ ನಾಲಿಗೆ ಹಿಡಿದುಕೊಳ್ಳುತ್ತದೆ, ಕಂದಾಗಿ ಕಟುಂ ಎಂದು ಮುರಿದರೆ ಹಣ್ಣು ಬಲಿತಿದೆ ಎಂದರ್ಥ.

ಬಿಡಿಸಿದ ಕಾಯಿಗಳನ್ನು ಸಿಪ್ಪೆ, ಬೀಜದ ಸಮೇತ ಜಜ್ಜಿ ಉಕ್ಕಿನ ತೊಟ್ಟಿಗೆ ತುಂಬುತ್ತಾರೆ. ಈಸ್ಟ್ ಸಕ್ಕರೆಯನ್ನು ಮದ್ಯವಾಗಿಸುತ್ತ ಬಿಡುವ ಅನಿಲ ಸಿಪ್ಪೆಗಳನ್ನೆಲ್ಲ ಮೇಲಕ್ಕೆ ದಬ್ಬುವುದರಿಂದ ಅನ್ನದ ಮೇಲಿನ ಗಂಜಿಕೆನೆಯಂತೆ ಒಂದು ದಪ್ಪ ಪದರ ಕಟ್ಟುತ್ತದೆ. ತಳದ ರಸವನ್ನು ಪಂಪಿನಿಂದ ಎತ್ತಿ ದಿನಕ್ಕೆ ಎರಡು ಮೂರು ಬಾರಿ ಆ ಪದರದ ಮೇಲೆ ಸುರಿಯುತ್ತಾರೆ. ಒಂದೆರಡು ವಾರದಲ್ಲಿ ಬಣ್ಣವೂ ಒಗರೂ ರಸಕ್ಕೆ ಇಳಿಯುತ್ತವೆ. ಮಲೆನಾಡಿನವರಿಗೆ ಈ ಒಗರನ್ನು ವಿವರಿಸಬೇಕಾಗಿಲ್ಲ: ಅಡಿಕೆ ಬೇಯಿಸಿದಾಗ ಬಿಡುವ ಚೊಗರಿನಲ್ಲಿರುವುದೂ ದ್ರಾಕ್ಷಿ ಬೀಜದಲ್ಲಿರುವುದೂ ಒಂದೇ ಕುಟುಂಬದ ಟ್ಯಾನಿನ್.

ಆಮೇಲೆ ಇನ್ನೊಂದು ಹುದುಗು ನಡೆಯುತ್ತದೆ. ಹಸಿ ಮಾವಿನಂಥ ತೀಕ್ಷ್ಣ ಹುಳಿಯನ್ನು ಮೊಸರಿನ ಮೆದು ಹುಳಿಯಾಗಿಸುವ ಕೆಲಸ ಅದು. ಇದನ್ನು ಮಾಡುವ ಈನೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು 1995ರವರೆಗೂ ಲ್ಯೂಕೊನಾಸ್ಟಾಕ್ ಕುಲದಲ್ಲೇ ಇಟ್ಟಿದ್ದರು. ನಿಮ್ಮ ಮನೆಯ ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಆ ಕುಲದ ಬ್ಯಾಕ್ಟೀರಿಯಾವೇ. ಹಿಂಡಿ ಉಳಿದ ಚರಟವನ್ನು ಸಗಣಿಯೊಂದಿಗೆ ಸೇರಿಸಿ ಗೊಬ್ಬರ ಮಾಡಿ ಮತ್ತೆ ಸಾಲಿನ ಬುಡಕ್ಕೆ ಹಾಕುವುದನ್ನು ಅಲ್ಲಿ ಕಂಡೆ. ಗುಂಡಿಯ ಬಳಿ ಹುಳಿಹಿಟ್ಟಿನ ವಾಸನೆಯಿತ್ತು.

ಪ್ರಶ್ನೆ: ದ್ರಾಕ್ಷಿಯ ಕಣಜ ನಮ್ಮ ವಿಜಯಪುರ. ಆದರೂ ಕೆಂಪು ವೈನ್ ಎಂದರೆ ನಂದಿ ಎನ್ನುತ್ತೀರಿ. ನಮ್ಮ ಎರೆ ಮಣ್ಣಿನಲ್ಲಿ ಏನು ಕೊರತೆ? (ಓದುಗರೊಬ್ಬರು, ತಿಕೋಟಾ)

ಉತ್ತರ: ಕೊರತೆ ಮಣ್ಣಿನದಲ್ಲ, ಮುಖ್ಯವಾಗಿ ರಾತ್ರಿಯದು. ದ್ರಾಕ್ಷಿಯಲ್ಲಿನ ಹುಳಿಯನ್ನು ಬಿಸಿ ವೇಗವಾಗಿ ಸುಟ್ಟುಬಿಡುತ್ತದೆ. ರಾತ್ರಿ ತಂಪಾದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಸಿಹಿ ಮಾತ್ರ ಉಳಿದು ವೈನ್ ಸಪ್ಪೆಯಾಗುತ್ತದೆ. ಜೊತೆಗೆ ನಿಮ್ಮಲ್ಲಿ ಹೆಚ್ಚಾಗಿರುವುದು ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್; ಇವು ಬಿಳಿ ತಳಿಗಳು, ಒಣದ್ರಾಕ್ಷಿಗೆ ಹೇಳಿ ಮಾಡಿಸಿದವು. ಮಳೆಗೆ ಸಿಕ್ಕಿ ಕೆಡದಂತೆ ಹದಿನೈದು ದಿನದಲ್ಲಿ ಒಣಗಿಸಿ ತಿಂಗಳುಗಟ್ಟಲೆ ಇಟ್ಟು ಮಾರಬಲ್ಲ ಸರಕು ಕೈಲಿರುವಾಗ ವೈನ್ ಕಂಪನಿಯ ಬಾಗಿಲು ಕಾಯುವುದು ಜಾಣತನವೂ ಅಲ್ಲ. ಹಾಗೆಂದು ಬಿಸಿಲ ನಾಡಿನಲ್ಲಿ ಕೆಂಪು ವೈನ್ ಅಸಾಧ್ಯವಲ್ಲ. ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಸಾಲಿನ ಬಳಿ ಕ್ರಸ್ಮಾ ಎಸ್ಟೇಟಿನವರು ಕಲ್ಲುಗುಡ್ಡದ ನಡುವೆ ಕ್ಯಾಬರ್ನೆ ಸೊವಿನ್ಯೊನ್, ಸಾಂಜೊವೇಸೆ ಬೆಳೆದು ತಯಾರಿಸುವ ವೈನ್ ದೇಶದಲ್ಲೇ ಒಳ್ಳೆಯವುಗಳ ಸಾಲಿನಲ್ಲಿದೆ. ಎರೆ ಮಣ್ಣು ನೀರು ಹಿಡಿದಿಟ್ಟುಕೊಂಡು ಬಳ್ಳಿಯನ್ನು ಸೊಕ್ಕಿಸುತ್ತದೆ. ನಿಮ್ಮಲ್ಲಿ ಕಲ್ಲುಮಿಶ್ರಿತ ಮಡ್ಡಿ ಜಮೀನಿದ್ದರೆ ಪ್ರಯೋಗಕ್ಕೆ ಅದೇ ಮೇಲು.

ಪ್ರಶ್ನೆ: ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎನ್ನುತ್ತಾರೆ, ನನಗೆ ಅರ್ಧ ಗ್ಲಾಸಿಗೇ ತಲೆನೋವು. ಸಲ್ಫೈಟ್ ಕಾರಣವೇ? ‘ಸುಸ್ಥಿರ’ ವೈನ್ ಕುಡಿದರೆ ಬರುವುದಿಲ್ಲವೇ? (ಓದುಗರೊಬ್ಬರು, ಮೈಸೂರು)

ಉತ್ತರ: ತೋಟ ಎಷ್ಟೇ ಸುಸ್ಥಿರವಾಗಿರಲಿ, ಬಾಟಲಿಯಲ್ಲಿರುವ ಮದ್ಯ ಮದ್ಯವೇ. ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಹೃದಯಕ್ಕೆ ಹಿತವೆಂದು ಹೊಗಳುವ ರೆಸ್ವೆರಾಟ್ರಾಲ್ ಎಂಬ ವಸ್ತು ಲೀಟರಿಗೆ ಕೆಲವೇ ಮಿಲಿಗ್ರಾಂ ಇರುತ್ತದೆ, ಔಷಧಿಯೆಂದು ಕುಡಿಯಲು ಅದು ಸಾಲದು. ವೈನ್ ಕೆಡದಂತೆ ಸೇರಿಸುವ ಸಲ್ಫೈಟ್ ಎಂಬ ಗಂಧಕದ ಸಂರಕ್ಷಕದ ಮೇಲೆ ಹೊರಿಸುವ ಆರೋಪವೂ ಸಾಮಾನ್ಯವಾಗಿ ನಿಲ್ಲುವುದಿಲ್ಲ: ಒಣ ಕೆಂಪು ವೈನಿನಲ್ಲಿ ಅದು ಬಿಳಿ ವೈನಿಗಿಂತ ಕಡಿಮೆ, ಗಂಧಕದ ಹೊಗೆ ಕೊಟ್ಟ ಹೊಂಬಣ್ಣದ ಒಣದ್ರಾಕ್ಷಿಯಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಒಣದ್ರಾಕ್ಷಿ ತಿಂದಾಗ ನಿಮಗೆ ತಲೆನೋವು ಬಾರದಿದ್ದರೆ ಸಲ್ಫೈಟನ್ನು ಬಿಟ್ಟುಬಿಡಿ. ಅಸ್ತಮಾ ಇರುವವರ ಮಾತು ಬೇರೆ, ಅವರು ಎಚ್ಚರದಿಂದಿರಬೇಕು. ಸಿಪ್ಪೆಯಲ್ಲಿರುವ ಕ್ವೆರ್ಸೆಟಿನ್ ಎಂಬ ವಸ್ತು ದೇಹದಲ್ಲಿ ಮದ್ಯವನ್ನು ಕರಗಿಸುವ ಕಿಣ್ವಕ್ಕೆ ಅಡ್ಡಬರುತ್ತಿರಬಹುದು ಎಂಬ ಊಹೆಯನ್ನು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2023ರಲ್ಲಿ ಮುಂದಿಟ್ಟಿದ್ದಾರೆ. ಅರ್ಧ ಗ್ಲಾಸಿಗೇ ನೋಯುತ್ತದೆಂದರೆ ನಿಮ್ಮ ದೇಹ ಬೇಡವೆನ್ನುತ್ತಿದೆ. ಅದರ ಮಾತು ಕೇಳಿ.

ಪ್ರಶ್ನೆ: ನಾವು ಮೆಲ್ಬರ್ನಿನಲ್ಲಿದ್ದೇವೆ. ಊರಿಗೆ ಬಂದಾಗ ನಂದಿ ತಪ್ಪಲಿನ ಕೆಂಪು ವೈನ್ ಕೊಂಡು ಇಲ್ಲಿನ ಗೆಳೆಯರಿಗೆ ಕೊಡಬೇಕೆಂದಿದೆ. ಭಾರವಾದ ಬಾಟಲಿಯಲ್ಲಿರುವುದೇ ಒಳ್ಳೆಯದಂತೆ, ಹೌದೇ? (ದಂಪತಿ ಓದುಗರು)

ಉತ್ತರ: ಭಾರವಾದ ಬಾಟಲಿಯಲ್ಲಿರುವುದು ಭಾರವಾದ ಗಾಜು, ಅಷ್ಟೇ. ಖಾಲಿ ಬಾಟಲಿ 400 ಗ್ರಾಮಿನಿಂದ 900 ಗ್ರಾಮಿನವರೆಗೂ ಇರುತ್ತದೆ, ಒಳಗಿನ ವೈನ್ ಮಾತ್ರ ಎರಡರಲ್ಲೂ 750 ಮಿಲಿ. ವೈನಿನಿಂದಾಗುವ ಇಂಗಾಲದ ಹೊರೆಯಲ್ಲಿ ಗಾಜು ಕರಗಿಸುವ ಕುಲುಮೆಯ ಪಾಲು ಬಹಳ ದೊಡ್ಡದು. ಅದಕ್ಕೇ 2023ರಲ್ಲಿ ಹಲವು ದೇಶಗಳ ದೊಡ್ಡ ಮಾರಾಟಗಾರರು ಸೇರಿ ಬಾಟಲಿಯ ಸರಾಸರಿ ತೂಕವನ್ನು 420 ಗ್ರಾಮಿಗಿಂತ ಕೆಳಗಿಳಿಸುವ ಒಪ್ಪಂದ ಮಾಡಿಕೊಂಡರು. ಅಂಗಡಿಯಲ್ಲಿ ಬಾಟಲಿಯ ತಳಕ್ಕೆ ಹೆಬ್ಬೆರಳು ತೂರಿಸಿ ನೋಡಿ. ಗುಳಿ ಆಳವಾಗಿ, ಗೋಡೆ ದಪ್ಪವಾಗಿ ಇದ್ದು, ಚೀಟಿಯ ಮೇಲೆ ‘ಸುಸ್ಥಿರ’ ಎಂದೂ ಇದ್ದರೆ ನಾನಂತೂ ವಾಪಸು ಇಡುತ್ತೇನೆ. ನಮ್ಮಲ್ಲಿ ಬಿಯರ್ ಬಾಟಲಿ ಗುಜರಿಯವರ ಮೂಲಕ ತೊಳೆದು ಮತ್ತೆ ಕಾರ್ಖಾನೆ ಸೇರುತ್ತದೆ, ವೈನ್ ಬಾಟಲಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ತಿರುಪು ಮುಚ್ಚಳವನ್ನು ಕಂಡು ಅಗ್ಗದ್ದೆಂದು ತಿಳಿಯಬೇಡಿ. ನಮ್ಮ ಬಿಸಿಯಲ್ಲಿ ಒಣಗಿ ಸೋರುವ ಬಿರಡೆಗಿಂತ ಅದೇ ವಾಸಿ.

ಇನ್ನು ಬಡಿಸುವ ಮಾತು. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕೊಡಬೇಕೆಂಬ ನಿಯಮ ಹುಟ್ಟಿದ್ದು 16–18 ಡಿಗ್ರಿಯ ಯೂರೋಪಿನ ಕೋಣೆಗಳಲ್ಲಿ. ಬೆಂಗಳೂರಿನ ಏಪ್ರಿಲ್ ಕೋಣೆಯಲ್ಲಿ ಅದೇ ವೈನ್ ಬರೀ ಸಾರಾಯಿಯ ಘಾಟು ಹೊಡೆಯುತ್ತದೆ. ಬಡಿಸುವ ಅರ್ಧ ಗಂಟೆ ಮೊದಲು ಫ್ರಿಜ್ಜಿನಲ್ಲಿಡಿ. ಖಾರ ಹೆಚ್ಚಾದ ಊಟದ ಜೊತೆ ಒಗರು ಇನ್ನಷ್ಟು ಹಿಡಿದುಕೊಳ್ಳುವುದರಿಂದ ಕೋಳಿ ಸಾರಿಗಿಂತ ಕೈಮಾ ಉಂಡೆ, ಹುರುಳಿ ಬಸ್ಸಾರು, ಎಣ್ಣೆ ಮುಂದಿರುವ ಎಣ್ಣೆಗಾಯಿ ಇವು ಶಿರಾಜ್ ಬೆರೆತ ವೈನಿಗೆ ಹೊಂದುತ್ತವೆ ಎಂಬುದು ನನ್ನ ಅನುಭವ. ಪೆಟ್ಟಿಗೆಯಲ್ಲಿ ಒಯ್ಯುವಾಗ ಬಾಟಲಿಯನ್ನು ಪಂಚೆಯಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಡಿ. ಆಸ್ಟ್ರೇಲಿಯಾದ ಸುಂಕದವರು ಒಬ್ಬ ವಯಸ್ಕರಿಗೆ 2.25 ಲೀಟರ್ ಬಿಡುತ್ತಾರೆ. ಎಂದರೆ ನಿಮ್ಮಿಬ್ಬರಿಗೆ ಆರು ಬಾಟಲಿ.